ಕಿವಿಗೆ ಕೇಳುವ ಹೈಫನ್

(ನಮ್ಮ ಕನ್ನಡ ವೇಳೆಯಲ್ಲಿ ಪ್ರಸಾರವಾದ ಭಾಷಣದ ಪಠ್ಯ. ದನಿಯಲ್ಲಿ ತಿಳಿಯುತ್ತಿದ್ದುದನ್ನು ಅಚ್ಚಿನಲ್ಲಿ ತೋರಿಸಲು, ಒತ್ತು ಬೀಳುವ ಭಾಗದ ಮುಂದೆ ˈ ಎಂಬ ಸಣ್ಣ ಗೀಟು ಹಾಕಿದ್ದೇವೆ. ಉಚ್ಚಾರಣೆಯ ನಿಘಂಟುಗಳಲ್ಲಿಯೂ ಇದೇ ರೂಢಿ.)



ರೇಡಿಯೋದವರಿಗೆ ಒಂದು ಕಷ್ಟವಿದೆ, ಪತ್ರಿಕೆಯವರಿಗೆ ಇಲ್ಲದ್ದು. ಅವರ ಹತ್ತಿರ ಅಲ್ಪವಿರಾಮವಿದೆ, ಪ್ರಶ್ನೆ ಚಿಹ್ನೆಯಿದೆ, ಎರಡು ಪದಗಳನ್ನು ಜೋಡಿಸುವ ಹೈಫನ್ ಎಂಬ ಪುಟ್ಟ ಅಡ್ಡಗೆರೆಯಿದೆ. ನಮ್ಮ ಹತ್ತಿರ ಇರುವುದು ದನಿಯೊಂದೇ. ಇಂಗ್ಲಿಷಿನಲ್ಲಿ ‘ಮ್ಯಾನ್-ಈಟಿಂಗ್ ಟೈಗರ್’ ಎಂದು ಹೈಫನ್ ಹಾಕಿ ಬರೆದರೆ ನರಭಕ್ಷಕ ಹುಲಿ. ಹೈಫನ್ ತೆಗೆದು ‘ಮ್ಯಾನ್ ಈಟಿಂಗ್ ಟೈಗರ್’ ಎಂದು ಬರೆದರೆ, ಯಾರೋ ಪುಣ್ಯಾತ್ಮ ಹುಲಿ ಮಾಂಸದ ಊಟಕ್ಕೆ ಕೂತಿದ್ದಾನೆ ಎಂದಾಗುತ್ತದೆ. ಓದುವವರು ಗೆರೆ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕೇಳುವವರು ಏನು ಮಾಡಬೇಕು?

ಕೇಳುವವರಿಗೂ ಒಂದು ಹೈಫನ್ ಇದೆ. ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಹುಲಿಯ ಮಾತಾದರೆ ‘ˈಮ್ಯಾನ್’ ಮೇಲೆ ಭಾರ ಹಾಕಿ, ‘ಈಟಿಂಗ್’ ಅನ್ನು ಹಗುರವಾಗಿ ಅದರ ಬೆನ್ನಿಗೆ ಅಂಟಿಸಿ ಹೇಳುತ್ತಾರೆ. ಮನುಷ್ಯನ ಮಾತಾದರೆ ‘ಈಟಿಂಗ್’ಗೂ ತನ್ನದೇ ಭಾರ ಸಿಗುತ್ತದೆ. ಇಷ್ಟೇ ವ್ಯತ್ಯಾಸ. ಈ ಭಾರಕ್ಕೆ ಒತ್ತು ಎನ್ನೋಣ. ‘ಅಮ್ಮ’ ಎಂಬಲ್ಲಿ ಮಕಾರದ ಕೆಳಗೆ ಬರುವ ಒತ್ತಕ್ಷರದ ಒತ್ತಲ್ಲ ಇದು, ದನಿಯ ಒತ್ತು. ಇಂಗ್ಲಿಷಿನಲ್ಲಿ ಎರಡು ಪದ ಕೂಡಿ ಒಂದು ವಿಶೇಷಣವಾದಾಗ ಆ ಒತ್ತು ಎಲ್ಲಿ ಬೀಳುತ್ತದೆ, ಯಾಕೆ ಜಾಗ ಬದಲಿಸುತ್ತದೆ, ನಮ್ಮ ನಾಲಿಗೆ ಎಲ್ಲಿ ಎಡವುತ್ತದೆ, ಇದು ಇವತ್ತಿನ ಮಾತು.

ವಿಷಯ ಒಣಕಲು ಎನಿಸಬಹುದು. ನನಗೂ ಹಾಗೇ ಅನಿಸುತ್ತಿತ್ತೇನೋ, ಡೊಂಬಿವಲಿಯ ಕೇಳುಗರೊಬ್ಬರು ಬರೆದ ಪತ್ರ ಬರದೇ ಹೋಗಿದ್ದರೆ. ಅವರು ಮಗಳ ಶಾಲೆಯಲ್ಲಿ ಪಾಲಕರ ಸಭೆಗೆ ಹೋಗಿದ್ದರಂತೆ. ಟೀಚರ್ ಜೊತೆ ಮಾತಾಡುತ್ತ, ತಮ್ಮ ಮನೆಯಲ್ಲಿ ಟಿ.ವಿ.ಗೆ ಹೊತ್ತು ಗೊತ್ತು ಇದೆ, ನಾವು ಸ್ವಲ್ಪ ಹಳೇ ಕಾಲದವರು ಎನ್ನುವ ಅರ್ಥದಲ್ಲಿ ‘ಓಲ್ಡ್-ಫ್ಯಾಶನ್ಡ್’ ಎಂಬ ಪದ ಬಳಸಿದರು. ಪಕ್ಕದಲ್ಲಿದ್ದ ಒಂಬತ್ತನೇ ಕ್ಲಾಸಿನ ಮಗಳು ಮೊಣಕೈಯಿಂದ ತಿವಿದಳು. ಮನೆಗೆ ಬಂದ ಮೇಲೆ, ‘ಮುಂದಿನ ಸಲ ಪಪ್ಪ ಬರಲಿ’ ಎಂದಳು. ‘ಆಮೇಲೆ ನಾನು ಸಭೆಗೆ ಹೋಗಿಲ್ಲ. ಆ ಪದದಲ್ಲಿ ಏನು ತಪ್ಪಿತ್ತು ಅಂತ ಕೇಳೋಕೂ ನಾಚಿಕೆ. ನೀವಾದರೂ ಹೇಳಿ’ ಎಂದು ಅಕ್ಕ ಬರೆದಿದ್ದಾರೆ.

ಅಕ್ಕಾ, ಟೀಚರಿಗೆ ನಿಮ್ಮ ಮಾತು ಅರ್ಥವಾಗಿತ್ತು. ಮಾತಿನ ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ನೀವು ಕೇಳಿದ್ದು ಸಮಾಧಾನವನ್ನಲ್ಲ, ಉತ್ತರವನ್ನು. ಅದನ್ನು ಕೊಡುತ್ತೇನೆ.

ಮೊದಲು ಎಣಿಕೆ. ಗಲ್ಲದ ಕೆಳಗೆ ಅಂಗೈ ಇಟ್ಟುಕೊಂಡು ಯಾವುದೇ ಪದ ಹೇಳಿ. ದವಡೆ ಎಷ್ಟು ಸಲ ಕೆಳಗಿಳಿಯುತ್ತದೋ ಹೆಚ್ಚುಕಡಿಮೆ ಅಷ್ಟು ಸಿಲಬಲ್. ಪಠ್ಯಪುಸ್ತಕದ ಕನ್ನಡದಲ್ಲಿ ಇದನ್ನು ಉಚ್ಚಾರಾಂಶ ಎನ್ನುತ್ತಾರೆ, ನಾವು ಸಿಲಬಲ್ ಎಂದೇ ಹೇಳೋಣ. ಇಂಗ್ಲಿಷಿನವರ ಬಾಯಲ್ಲಿ ‘ಓಲ್ಡ್-ಫ್ಯಾಶನ್ಡ್’ ಮೂರೇ ಸಿಲಬಲ್: ಓಲ್ಡ್, ಫ್ಯಾ, ಶನ್ಡ್. ನಮ್ಮ ಊರ ಕಡೆಯ ಬಾಯಲ್ಲಿ ಅದು ಏನಾಗುತ್ತದೆ ನೋಡಿ: ವೋಲ್-ಡು-ಫ್ಯಾ-ಶನ್-ನೆಡ್-ಡು. ಆರು! ಮೂರಕ್ಕೆ ಮೂರು ಬಡ್ಡಿ.

ಈ ಬಡ್ಡಿ ಎಲ್ಲಿಂದ ಬಂತು? ಪದದ ಕೊನೆಯಲ್ಲಿ ವ್ಯಂಜನ ಬಂದರೆ ಕನ್ನಡಕ್ಕೆ ಸಮಾಧಾನವಿಲ್ಲ, ಒಂದು ಉಕಾರ ಸೇರಿಸಿಯೇ ಬಿಡುತ್ತದೆ. ಬಸ್ಸು, ಕಾರು, ರೋಡು, ಬ್ಯಾಂಕು ಹೀಗೆಯೇ ನಮ್ಮವಾದವು. ಕನ್ನಡದೊಳಗೆ ಅದು ತಪ್ಪಲ್ಲ, ಎರವಲು ಬಂದ ಪದಕ್ಕೆ ನಮ್ಮ ಮನೆಯ ಬಟ್ಟೆ ತೊಡಿಸಿದಂತೆ. ಆದರೆ ಅದೇ ಅಭ್ಯಾಸ ಇಂಗ್ಲಿಷ್ ವಾಕ್ಯದೊಳಗೆ ನುಗ್ಗಿದಾಗ, ಎದುರಿಗಿರುವವರು ಕಾಯುತ್ತಿದ್ದ ಜಾಗದಲ್ಲಿ ಪದ ಮುಗಿಯುವುದಿಲ್ಲ.

ಇನ್ನೊಂದು ಬಡ್ಡಿ ಕೊನೆಯ ‘ಇ-ಡಿ’ ಅಕ್ಷರಗಳದ್ದು. ಕನ್ನಡ ಬರೆದಂತೆ ಓದುವ ಭಾಷೆ. ಕಾಗದದ ಮೇಲೆ ‘ಎಡ್’ ಕಂಡರೆ ಬಾಯಲ್ಲೂ ‘ಎಡ್’ ಬರಬೇಕು ಎಂದು ನಮಗೆ ಅನಿಸುವುದು ಸಹಜ. ಇಂಗ್ಲಿಷಿನಲ್ಲಿ ಹಾಗಲ್ಲ. ಆ ‘ಎಡ್’ಗೆ ಮೊದಲು ಟ ಅಥವಾ ಡ ದನಿ ಇದ್ದರೆ ಮಾತ್ರ ಅದಕ್ಕೆ ಪ್ರತ್ಯೇಕ ಸಿಲಬಲ್. ಮೈಂಡ್ ಎಂಬುದು ‘ಮೈಂಡೆಡ್’ ಆಗುತ್ತದೆ, ಹಾರ್ಟ್ ‘ಹಾರ್ಟೆಡ್’ ಆಗುತ್ತದೆ, ಹ್ಯಾಂಡ್ ‘ಹ್ಯಾಂಡೆಡ್’ ಆಗುತ್ತದೆ. ಉಳಿದ ಕಡೆ ‘ಎ’ ನುಂಗಿಹೋಗಿ ಬರೀ ಡ ಅಥವಾ ಟ ಉಳಿಯುತ್ತದೆ: ಟೆಂಪರ್ಡ್, ಮ್ಯಾನರ್ಡ್, ಐಡ್, ಫೇಸ್ಟ್. ಹಾಗಾಗಿ ನೀಲಿ ಕಣ್ಣಿನವನು ‘ಬ್ಲೂ-ಐಡ್’, ಎರಡೇ ಸಿಲಬಲ್. ಮರೆಗುಳಿಯವನು ‘ಆಬ್ಸೆಂಟ್-ಮೈಂಡೆಡ್’, ನಾಲ್ಕು. ಈ ನಿಯಮಕ್ಕೂ ಒಂದೆರಡು ಹಟಮಾರಿಗಳಿವೆ. ನಡುವಯಸ್ಸಿನವನು ‘ಮಿಡಲ್-ಏಜ್ಡ್’, ಅಲ್ಲಿ ಏಜ್ಡ್ ಒಂದೇ ಸಿಲಬಲ್. ಅದೇ ವಯೋವೃದ್ಧರನ್ನು ‘ಏಜೆಡ್’ ಎಂದು ಎರಡಾಗಿ ಒಡೆಯುತ್ತಾರೆ. ನಾಲ್ಕು ಕಾಲಿನ ಪ್ರಾಣಿಗೆ ‘ಫೋರ್-ಲೆಗೆಡ್’ ಎನ್ನುವವರೂ ಇದ್ದಾರೆ, ‘ಫೋರ್-ಲೆಗ್ಡ್’ ಎನ್ನುವವರೂ ಇದ್ದಾರೆ. ಇವನ್ನು ಕಂಡ ಕಂಡಾಗ ಕಲಿಯುವುದೇ ದಾರಿ.

‘ಸ್ವರ ನುಂಗುವುದು ನಮ್ಮ ಜಾಯಮಾನಕ್ಕೆ ಒಗ್ಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲು ಎಂದು ಬರೆದು ‘ಬಾಗ್ಲು’ ಎನ್ನುವವರು ಯಾರು? ಹೋಗುತ್ತೇನೆ ಎಂದು ಬರೆದು ‘ಹೋಗ್ತೀನಿ’ ಎನ್ನುವವರು ಯಾರು? ಮಾಡಿದರೆ ಎಂಬುದು ಯಾರ ಬಾಯಲ್ಲಿ ‘ಮಾಡಿದ್ರೆ’ ಆಗುತ್ತದೆ? ಮನೆಯ ಮಾತಿನಲ್ಲಿ ಸ್ವರ ನುಂಗುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಕಾಗದ ಎದುರಿಗೆ ಬಂದಾಗ, ಅಥವಾ ಶಾಲೆಯ ಟೀಚರ್ ಎದುರಿಗೆ ಕೂತಾಗ, ಎಲ್ಲ ಅಕ್ಷರಕ್ಕೂ ಮರ್ಯಾದೆ ಕೊಡಲು ಹೊರಡುತ್ತೇವೆ. ತೊಂದರೆ ಅಲ್ಲಿದೆ.

ಹಾಗೆಯೇ ನಮಗೆ ಒಂದು ಹೆಚ್ಚಿನ ಸೌಕರ್ಯವೂ ಇದೆ. ಸಮಾಸದ ಎರಡು ಪದ ಕೂಡುವ ಹೊಲಿಗೆಯಲ್ಲಿ ಒಂದೇ ವ್ಯಂಜನ ಎರಡು ಸಲ ಬಂದರೆ ಇಂಗ್ಲಿಷಿನವರು ಅದನ್ನು ಎರಡು ಸಲ ಸಿಡಿಸುವುದಿಲ್ಲ, ಒಂದೇ ಸಲ ತುಸು ಹೆಚ್ಚು ಹೊತ್ತು ಹಿಡಿದು ಬಿಡುತ್ತಾರೆ. ‘ಪಾರ್ಟ್-ಟೈಮ್’ ಎಂಬಲ್ಲಿ ಟಕಾರ ಹೀಗೆ ಹಿಡಿದು ಬಿಟ್ಟದ್ದು. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ನಾಲಿಗೆಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ‘ಪಾರ್ಟು’ ಎಂದು ಉಕಾರ ಹಾಕದಿದ್ದರೆ ಸಾಕು, ಉಳಿದದ್ದನ್ನು ಕನ್ನಡವೇ ಮಾಡಿಕೊಡುತ್ತದೆ.

ಈಗ ಒತ್ತಿಗೆ ಬರೋಣ. ಕನ್ನಡದಲ್ಲಿ ಒತ್ತು ಪದದ ಅರ್ಥ ಬದಲಿಸುವುದಿಲ್ಲ. ನಮ್ಮಲ್ಲಿ ಅರ್ಥ ಬದಲಿಸುವುದು ದೀರ್ಘ ಮತ್ತು ದ್ವಿತ್ವ. ಬಲ ಬೇರೆ, ಬಾಲ ಬೇರೆ. ಕತೆ ಬೇರೆ, ಕತ್ತೆ ಬೇರೆ. ನಮ್ಮ ಛಂದಸ್ಸೂ ಅದನ್ನೇ ಎಣಿಸುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ ಕೂಡಿಸಿ ನಾವು ಪರೀಕ್ಷೆಯಲ್ಲಿ ಪ್ರಸ್ತಾರ ಹಾಕಿದ್ದೇವೆ. ಪ್ರತಿ ಅಕ್ಷರಕ್ಕೂ ಸಂದಾಯವಾಗಬೇಕಾದ ಕಾಲ ಸಂದಾಯವಾಗಬೇಕು, ಅದು ಕನ್ನಡದ ನ್ಯಾಯ. ಇಂಗ್ಲಿಷಿನ ನ್ಯಾಯ ಬೇರೆ. ಅಲ್ಲಿ ಒತ್ತು ಬಿದ್ದ ಸಿಲಬಲ್ ಎತ್ತರದ ದನಿಯಲ್ಲಿ, ಉದ್ದವಾಗಿ, ಸ್ಪಷ್ಟವಾಗಿ ಬರುತ್ತದೆ. ಒತ್ತಿಲ್ಲದವು ಅದರ ನೆರಳಿನಲ್ಲಿ ಮುದುಡಿಕೊಳ್ಳುತ್ತವೆ, ಅವುಗಳ ಸ್ವರವೂ ಮಸುಕಾಗುತ್ತದೆ. ಅಮೆರಿಕದ ಭಾಷಾವಿಜ್ಞಾನಿ ಕೆನೆತ್ ಪೈಕ್ 1945ರಲ್ಲಿ ಒತ್ತಿನ ಲಯದ ಭಾಷೆ, ಸಿಲಬಲ್ ಲಯದ ಭಾಷೆ ಎಂದು ಎರಡು ಬಗೆ ಹೇಳಿದರು. ಆಮೇಲೆ ಯಂತ್ರಗಳಿಂದ ಅಳೆದು ನೋಡಿದವರಿಗೆ ಈ ಗೆರೆ ಅಷ್ಟು ನೇರವಾಗಿ ಸಿಗಲಿಲ್ಲ. ಆದರೂ ಕಿವಿಗೆ ಕೇಳುವ ವ್ಯತ್ಯಾಸ ಸುಳ್ಳಲ್ಲ.

ಹಾಗಾದರೆ ಎರಡು ಪದ ಕೂಡಿ ಒಂದಾಗಿವೆ ಎಂದು ಕನ್ನಡ ಹೇಗೆ ತಿಳಿಸುತ್ತದೆ? ಕನ್ನಡ ಬಿ.ಎ. ಓದಿದವಳಿಗೆ ಇಲ್ಲಿ ಸ್ವಲ್ಪ ಖುಷಿ ಪಡಲು ಅವಕಾಶ ಕೊಡಿ. ಮಳೆ, ಕಾಲ. ಕೂಡಿದಾಗ ಮಳೆಕಾಲ ಅಲ್ಲ, ಮಳೆಗಾಲ. ಹೊಸ, ಕನ್ನಡ. ಕೂಡಿದಾಗ ಹೊಸಗನ್ನಡ. ಬೆಟ್ಟ, ತಾವರೆ. ಬೆಟ್ಟದಾವರೆ. ಕಣ್, ಪನಿ. ಕಂಬನಿ. ಎರಡನೆಯ ಪದದ ಕ, ತ, ಪಗಳು ಗ, ದ, ಬ ಆಗಿ ಮೆತ್ತಗಾಗುತ್ತವೆ. ಆದೇಶ ಸಂಧಿ ಎಂದು ಬಾಯಿಪಾಠ ಮಾಡಿದ್ದು ನೆನಪಿರಬೇಕು. ಆ ಗಕಾರವೇ ನಮ್ಮ ಹೈಫನ್. ‘ಮಳೆಗಾಲ’ ಎಂದ ಕೂಡಲೇ ಕೇಳುವವರಿಗೆ ಗೊತ್ತಾಗುತ್ತದೆ, ಇದು ಮಳೆ ಮತ್ತು ಕಾಲ ಎಂಬ ಎರಡು ಬಿಡಿ ಮಾತುಗಳಲ್ಲ ಎಂದು. ಕನ್ನಡ ವ್ಯಂಜನ ಬದಲಿಸಿ ಬೆಸುಗೆ ಹಾಕುತ್ತದೆ, ಇಂಗ್ಲಿಷ್ ಒತ್ತು ಬದಲಿಸಿ ಬೆಸುಗೆ ಹಾಕುತ್ತದೆ. ಇಷ್ಟು ಹಿಡಿದುಕೊಂಡರೆ ಮುಂದಿನದು ಸುಲಭ. ಅಂದಹಾಗೆ, ಮುಂಬೈಯಲ್ಲಿ ಹುಟ್ಟಿ ಬೆಳೆದ ಮಕ್ಕಳ ಬಾಯಲ್ಲಿ ‘ಮಳೆಕಾಲ’ ಕೇಳಿದ್ದೇನೆ. ನಗು ಬರುತ್ತದೆ. ನಕ್ಕರೆ ಆ ಮಗು ಆಮೇಲೆ ಕನ್ನಡ ಮಾತಾಡುವುದೇ ಇಲ್ಲ ಎಂಬುದೂ ಗೊತ್ತಿದೆ. ಡೊಂಬಿವಲಿಯ ಆ ಹುಡುಗಿ ಈ ಭಾಷಣ ಕೇಳುತ್ತಿದ್ದರೆ ಇಷ್ಟು ಹೇಳಬೇಕೆನಿಸಿತು.

ಇಂಗ್ಲಿಷಿನ ಜೋಡು ನಾಮಪದಗಳಲ್ಲಿ ಒತ್ತು ಸಾಮಾನ್ಯವಾಗಿ ಮೊದಲನೆಯದರ ಮೇಲೆ. ಗಿಡ ಬೆಳೆಸುವ ಗಾಜಿನ ಮನೆ ‘ˈಗ್ರೀನ್‌ಹೌಸ್’. ಹಸಿರು ಬಣ್ಣ ಬಳಿದ ಮನೆಯಾದರೆ ‘ಗ್ರೀನ್ ˈಹೌಸ್’. ಇದು ಎಷ್ಟೋ ಜನಕ್ಕೆ ಗೊತ್ತು. ಇದನ್ನೇ ವಿಶೇಷಣಕ್ಕೂ ಹಾಕಿ, ‘ˈಓಲ್ಡ್-ಫ್ಯಾಶನ್ಡ್’ ಎಂದು ಮೊದಲನೆಯದನ್ನು ಗಟ್ಟಿಯಾಗಿ ಹೇಳಿ ಎರಡನೆಯದನ್ನು ಬಿಟ್ಟುಬಿಡುತ್ತೇವೆ. ವಿಶೇಷಣದ ದಾರಿ ಬಹಳ ಸಲ ಉಲ್ಟಾ. ಮೊದಲ ಪದ ಗುಣವಾಚಕವೋ, ಸಂಖ್ಯೆಯೋ, ‘ವೆಲ್’ ತರಹದ ಅವ್ಯಯವೋ ಆಗಿದ್ದರೆ ಮುಖ್ಯ ಒತ್ತು ಎರಡನೆಯ ಪದಕ್ಕೆ ಹೋಗುತ್ತದೆ. ಓಲ್ಡ್-ˈಫ್ಯಾಶನ್ಡ್. ಬ್ಯಾಡ್-ˈಟೆಂಪರ್ಡ್. ಹಾರ್ಡ್-ˈವರ್ಕಿಂಗ್. ಗುಡ್-ˈಲುಕಿಂಗ್. ಸೆಕೆಂಡ್-ˈಹ್ಯಾಂಡ್. ಆಬ್ಸೆಂಟ್-ˈಮೈಂಡೆಡ್. ವೆಲ್-ˈನೋನ್. ಹಾಗೆಂದು ಮೊದಲ ಪದ ಪೂರ್ತಿ ಸಾಯುವುದಿಲ್ಲ, ಅದಕ್ಕೂ ಅರ್ಧ ಪಾಲು ಭಾರ ಉಂಟು. ಕಿರೀಟ ಮಾತ್ರ ಎರಡನೆಯದಕ್ಕೆ.

ಮೊದಲ ಪದ ನಾಮಪದವಾಗಿದ್ದರೆ ಬಹುಪಾಲು ಕಿರೀಟ ಅದಕ್ಕೇ. ˈಹಾರ್ಟ್‌ಬ್ರೇಕಿಂಗ್, ಹೃದಯ ಒಡೆಯುವಂಥದ್ದು. ˈಟೈಮ್-ಕನ್ಸ್ಯೂಮಿಂಗ್, ಹೊತ್ತು ತಿನ್ನುವಂಥದ್ದು. ˈಮೌತ್-ವಾಟರಿಂಗ್, ಬಾಯಲ್ಲಿ ನೀರು ತರಿಸುವಂಥದ್ದು. ಮೊದಲು ನಾಮಪದ, ಅದರ ಬೆನ್ನಿಗೆ ಕ್ರಿಯೆ. ನಮ್ಮ ಕ್ರಿಯಾಸಮಾಸಕ್ಕೆ ಹತ್ತಿರದ ಸಂಬಂಧಿ ಎನ್ನಬಹುದು, ಕೈಮುಗಿ, ಮೈದಡವು ಇದ್ದ ಹಾಗೆ. ˈವಾಟರ್‌ಪ್ರೂಫ್ ಕೂಡ ಹೀಗೆಯೇ. ಊರು ಬಿಟ್ಟು ಬಂದ ನಮಗೆಲ್ಲ ಚೆನ್ನಾಗಿ ಪರಿಚಯವಿರುವ ˈಹೋಮ್‌ಸಿಕ್ ಕೂಡ. ಆದರೆ ಇದನ್ನು ಕಣ್ಣುಮುಚ್ಚಿ ನೆಚ್ಚುವ ಹಾಗಿಲ್ಲ. ವಿಮಾನ ನಿಲ್ದಾಣದ ಡ್ಯೂಟಿ-ˈಫ್ರೀ, ಅಂಗಡಿಯವನ ಬ್ರ್ಯಾಂಡ್-ˈನ್ಯೂ, ಉಪ್ಪಿನಕಾಯಿ ಡಬ್ಬದ ಹೋಮ್-ˈಮೇಡ್, ಪ್ರತಿ ಮಿಠಾಯಿ ಅಂಗಡಿಯ ಬೋರ್ಡಿನಲ್ಲಿರುವ ವರ್ಲ್ಡ್-ˈಫೇಮಸ್, ಇವೆಲ್ಲ ನಾಮಪದದಿಂದ ಶುರುವಾದರೂ ಒತ್ತು ಎರಡನೆಯದಕ್ಕೇ. ಇಂಗ್ಲಿಷ್ ನಿಯಮ ಕೊಡುವಾಗ ಉದಾರಿ, ಪಾಲಿಸುವಾಗ ಜಿಪುಣ.

ಇಷ್ಟೇ ಆಗಿದ್ದರೆ ಪಟ್ಟಿ ಮಾಡಿ ಉರುಹೊಡೆಯಬಹುದಿತ್ತು. ನಿಜವಾದ ಆಟ ಇನ್ನು ಮುಂದಿದೆ. ಎರಡನೆಯ ಪದದ ಮೇಲೆ ಒತ್ತಿರುವ ಈ ವಿಶೇಷಣಗಳು, ಮುಂದೆ ನಾಮಪದ ಬಂದ ಕೂಡಲೇ ಒತ್ತನ್ನು ಹಿಂದಕ್ಕೆ ಸರಿಸುತ್ತವೆ. ಮದುವೆಯ ಜಾಹೀರಾತಿನ ಭಾಷೆಯಲ್ಲೇ ಹೇಳುತ್ತೇನೆ. ‘ಹುಡುಗ ವೆಲ್-ˈಸೆಟಲ್ಡ್’ ಎಂದು ವಾಕ್ಯ ಅಲ್ಲಿಗೇ ನಿಂತರೆ ಒತ್ತು ‘ಸೆಟ್’ ಮೇಲೆ. ‘ಎ ˈವೆಲ್-ಸೆಟಲ್ಡ್ ˈಬಾಯ್’ ಎಂದರೆ ಒತ್ತು ‘ವೆಲ್’ಗೆ ಬಂತು. ಹುಡುಗ ಅವನೇ, ಸಂಬಳವೂ ಅಷ್ಟೇ, ಒತ್ತು ಮಾತ್ರ ಮನೆ ಬದಲಿಸಿತು. ಲೋಕಲ್ ರೈಲಿನ ಪಾಸು ‘ಫಸ್ಟ್-ˈಕ್ಲಾಸ್’, ಆದರೆ ‘ˈಫಸ್ಟ್-ಕ್ಲಾಸ್ ˈಪಾಸ್’. ಕಾರು ‘ಸೆಕೆಂಡ್-ˈಹ್ಯಾಂಡ್’, ಆದರೆ ‘ˈಸೆಕೆಂಡ್-ಹ್ಯಾಂಡ್ ˈಕಾರ್’. ಅಕ್ಕಾ, ನಿಮ್ಮ ಪದವೂ ಹಾಗೆಯೇ. ‘ವಿ ಆರ್ ಓಲ್ಡ್-ˈಫ್ಯಾಶನ್ಡ್’ ಎನ್ನುವಾಗ ‘ಫ್ಯಾ’ ಮೇಲೆ ಭಾರ, ‘ಆನ್ ˈಓಲ್ಡ್-ಫ್ಯಾಶನ್ಡ್ ˈಫ್ಯಾಮಿಲಿ’ ಎನ್ನುವಾಗ ‘ಓಲ್ಡ್’ ಮೇಲೆ.

ಯಾಕೆ ಹೀಗೆ? ಎರಡು ಭಾರಗಳು ಒಂದಕ್ಕೊಂದು ತಾಗಿಕೊಂಡು ಬಂದರೆ ಇಂಗ್ಲಿಷಿನ ಲಯ ಕುಂಟುತ್ತದೆ. ‘ಹ್ಯಾಂಡ್’ ಮೇಲೆ ಒಂದು ಪೆಟ್ಟು, ತಕ್ಷಣ ‘ಕಾರ್’ ಮೇಲೆ ಇನ್ನೊಂದು ಪೆಟ್ಟು. ತಬಲಾದವನ ಎರಡು ಪೆಟ್ಟು ಒಂದರ ಮೇಲೊಂದು ಬಿದ್ದಂತೆ. ಅದಕ್ಕೆ ಮೊದಲನೆಯ ಪೆಟ್ಟನ್ನು ಹಿಂದಕ್ಕೆ ಒಯ್ದು ನಡುವೆ ಉಸಿರಾಡಲು ಜಾಗ ಮಾಡುತ್ತಾರೆ. ಲಂಡನ್ನಿನ ಪಿಕಡಿಲಿ ಎಂಬ ರಸ್ತೆಯನ್ನು ಒಂಟಿಯಾಗಿ ಹೇಳಿದರೆ ಪಿಕ-ˈಡಿಲಿ, ಮುಂದೆ ಸರ್ಕಸ್ ಸೇರಿದರೆ ˈಪಿಕಡಿಲಿ ˈಸರ್ಕಸ್. ಇದೇ ಸೂತ್ರ. ಮೊದಲೇ ಮುಂದಿನ ಭಾಗದಲ್ಲಿ ಒತ್ತಿರುವ ˈಹೋಮ್‌ಸಿಕ್, ˈವಾಟರ್‌ಪ್ರೂಫ್‌ಗಳಿಗೆ ಈ ಅಲೆದಾಟವಿಲ್ಲ. ಎಲ್ಲಿ ಹೋದರೂ ಅವು ಹಾಗೆಯೇ. ಜೆ. ಸಿ. ವೆಲ್ಸ್ ಅವರು 1990ರಲ್ಲಿ ಹೊರತಂದ ಲಾಂಗ್‌ಮನ್ ಉಚ್ಚಾರಣ ನಿಘಂಟಿನಲ್ಲಿ ಹೀಗೆ ಒತ್ತು ಸರಿಸುವ ಪದಗಳ ಪಕ್ಕದಲ್ಲಿ ಒಂದು ಪುಟ್ಟ ತ್ರಿಕೋನ ಹಾಕಿದ್ದಾರೆ. ಗ್ರಂಥಾಲಯದಲ್ಲಿ ಸಿಕ್ಕರೆ ತೆರೆದು ನೋಡಿ. ನಿಘಂಟಿನಲ್ಲಿ ಒಂದು ಕಡೆ, ಟಿ.ವಿ.ಯಲ್ಲಿ ಇನ್ನೊಂದು ಕಡೆ ಒತ್ತು ಕೇಳಿ ತಲೆ ಕೆರೆದುಕೊಂಡವರಿಗೆ ಉತ್ತರ ಆ ತ್ರಿಕೋನದಲ್ಲಿದೆ.

ಈ ಸರಿದಾಟ ಒಂದು ಕಡೆ ನಿಜಕ್ಕೂ ತೊಂದರೆ ಕೊಡುತ್ತದೆ. ಹದಿನೈದು ‘ಫಿಫ್-ˈಟೀನ್’, ಐವತ್ತು ‘ˈಫಿಫ್ಟಿ’. ಒಂಟಿಯಾಗಿದ್ದಾಗ ಒತ್ತೇ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಆದರೆ ‘ಹದಿನೈದು ನಿಮಿಷದ ಬಿಡುವು’ ಎಂಬುದನ್ನು ಇಂಗ್ಲಿಷಿನಲ್ಲಿ ಜೋಡು ವಿಶೇಷಣ ಮಾಡಿ ‘ಫಿಫ್ಟೀನ್-ಮಿನಿಟ್ ಬ್ರೇಕ್’ ಎಂದಾಗ ಒತ್ತು ಹಿಂದೆ ಸರಿದು ‘ˈಫಿಫ್ಟೀನ್’ ಆಗುತ್ತದೆ, ಐವತ್ತಿನ ಪಕ್ಕಕ್ಕೇ ಬಂದು ನಿಲ್ಲುತ್ತದೆ. ಆಗ ಉಳಿಯುವ ಗುರುತು ಟೀ ಎಂಬ ದೀರ್ಘ ಮತ್ತು ಕೊನೆಯ ನಕಾರ ಮಾತ್ರ. ದೀರ್ಘ ಹಿಡಿಯುವುದು ಕನ್ನಡದ ನಾಲಿಗೆಗೆ ನೀರು ಕುಡಿದಷ್ಟು ಸುಲಭ. ಅದನ್ನು ಧಾರಾಳವಾಗಿ ಬಳಸಿ. ಫೋನಿನಲ್ಲಿ ಔಷಧದ ಪ್ರಮಾಣ, ಬಾಡಿಗೆ, ರೈಲಿನ ಹೊತ್ತು ಹೇಳುವಾಗ ಸೊಗಸಿನ ಗೊಡವೆಯೇ ಬೇಡ, ‘ಒನ್ ಫೈವ್’ ಎಂದು ಅಂಕಿ ಬಿಡಿಸಿಯೇ ಹೇಳಿ. ಇನ್ನೊಂದು ಸಣ್ಣ ಮಾತು. ಇಂಥ ಜೋಡಿಯಲ್ಲಿ ‘ಮಿನಿಟ್ಸ್’ ಎಂಬ ಬಹುವಚನ ಬರುವುದಿಲ್ಲ, ‘ಮಿನಿಟ್’ ಅಷ್ಟೇ. ‘ಟೆನ್-ರುಪೀ ನೋಟ್’ ಎನ್ನುವ ಹಾಗೆ.

ಸಮಾಸದಲ್ಲಿ ಒತ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷಿಗಿಂತ ಎಷ್ಟೋ ಹಳೆಯ ಕತೆ ನಮ್ಮಲ್ಲೇ ಇದೆ. ವೈದಿಕ ಸಂಸ್ಕೃತದಲ್ಲಿ ಪದಗಳಿಗೆ ಸ್ವರ ಇತ್ತು, ಅಂದರೆ ದನಿಯ ಏರಿಳಿತ, ಉದಾತ್ತ ಅನುದಾತ್ತ ಎನ್ನುತ್ತಾರಲ್ಲ ಅದು. ತೈತ್ತಿರೀಯ ಸಂಹಿತೆಯಲ್ಲಿ ಬರುವ ಕತೆ ಇದು. ತ್ವಷ್ಟೃವಿನ ಮಗನನ್ನು ಇಂದ್ರ ಕೊಂದ. ಸಿಟ್ಟಿನಿಂದ ತ್ವಷ್ಟೃ ಇಂದ್ರನನ್ನು ಕೊಲ್ಲುವ ಮಗನನ್ನು ಪಡೆಯಲು ಹೋಮ ಮಾಡಿ, ‘ಇಂದ್ರಶತ್ರು’ವೇ ಬೆಳೆ ಎಂದು ಹೇಳಿದ. ಶತ್ರು ಎಂದರೆ ಇಲ್ಲಿ ಕೊಲ್ಲುವವನು. ಅವನ ಮನಸ್ಸಿನಲ್ಲಿದ್ದದ್ದು ತತ್ಪುರುಷ: ಇಂದ್ರನನ್ನು ಕೊಲ್ಲುವವನು. ಅದಕ್ಕೆ ಸ್ವರ ಕೊನೆಯಲ್ಲಿ ಇರಬೇಕಿತ್ತು. ಬಾಯಲ್ಲಿ ಬಂದದ್ದು ಮೊದಲ ಪದದ ಮೇಲೆ. ಹಾಗಾದಾಗ ಅದು ಬಹುವ್ರೀಹಿ: ಯಾರಿಗೆ ಇಂದ್ರನೇ ಕೊಲ್ಲುವವನೋ ಅವನು. ವೃತ್ರ ಹುಟ್ಟಿದ, ಬೆಳೆದ, ಇಂದ್ರನ ಕೈಯಲ್ಲೇ ಸತ್ತ. ವ್ಯಾಕರಣ ಯಾಕೆ ಓದಬೇಕು ಎಂಬುದಕ್ಕೆ ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ಈ ಕತೆಯನ್ನು ನೆನೆಯುತ್ತಾನೆ.

ಇಂಗ್ಲಿಷ್ ವ್ಯಾಕರಣಕಾರರೂ ಕೆಲವು ಸಮಾಸಗಳಿಗೆ ಬಹುವ್ರೀಹಿ ಎಂಬ ಈ ಹೆಸರನ್ನೇ ಎರವಲು ಪಡೆದಿದ್ದಾರೆ. ‘ಬ್ಲೂ-ˈಐಡ್’ ಎಂದರೆ ಕಣ್ಣಲ್ಲ, ನೀಲಿ ಕಣ್ಣು ಯಾರಿಗಿದೆಯೋ ಅವನು. ಮುಕ್ಕಣ್ಣ ಎಂದರೆ ಮೂರು ಕಣ್ಣಲ್ಲ, ಮೂರು ಕಣ್ಣುಳ್ಳ ಶಿವ. ಅರ್ಥದ ಅಚ್ಚು ಎರಡಕ್ಕೂ ಒಂದೇ. ತಮಾಷೆ ಏನೆಂದರೆ, ಪಾಣಿನಿಯ ಲೆಕ್ಕದಲ್ಲಿ ಬಹುವ್ರೀಹಿಯಲ್ಲಿ ಮೊದಲ ಪದ ತನ್ನ ಸ್ವರವನ್ನು ಉಳಿಸಿಕೊಳ್ಳುತ್ತದೆ. ಇಂಗ್ಲಿಷಿನ ಬ್ಲೂ-ˈಐಡ್, ಓಲ್ಡ್-ˈಫ್ಯಾಶನ್ಡ್ ತರಹದವುಗಳಲ್ಲಿ ಎರಡನೆಯ ಪದ ಗೆಲ್ಲುತ್ತದೆ. ನಂಟರೇ, ಆದರೆ ಕುಂಕುಮ ಇಡುವ ಕಡೆ ಬೇರೆ.

ವೃತ್ರನ ಪಾಡು ನಮಗೇನೂ ಬರುವುದಿಲ್ಲ ಬಿಡಿ. ಹಾಗೆಂದು ಒತ್ತು ಬರೀ ಶೋಕಿಯ ಸಂಗತಿಯೂ ಅಲ್ಲ. ಹೈದರಾಬಾದಿನಲ್ಲಿ 1958ರಲ್ಲಿ ಶುರುವಾದ ಇಂಗ್ಲಿಷ್ ಸಂಸ್ಥೆಯೊಂದಿದೆ, 2007ರಿಂದ ಅದು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. ಅಲ್ಲಿದ್ದ ಆರ್. ಕೆ. ಬನ್ಸಲ್ ಅವರು ಭಾರತೀಯರ ಇಂಗ್ಲಿಷ್ ಹೊರಗಿನವರಿಗೆ ಎಷ್ಟು ಅರ್ಥವಾಗುತ್ತದೆ ಎಂದು ಪರೀಕ್ಷಿಸಿ 1969ರಲ್ಲಿ ಪ್ರಕಟಿಸಿದರು. ಅರ್ಥವಾಗದೆ ಹೋಗುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಒತ್ತು ತಪ್ಪು ಜಾಗದಲ್ಲಿ ಬೀಳುವುದು. ನಾವು ಮಾತ್ರ ‘ವ’ ಮತ್ತು ‘ಡಬ್ಲ್ಯು’ಗಳ ವ್ಯತ್ಯಾಸ, ನಾಲಿಗೆ ಹೊರಳಿಸುವುದು, ಇವಕ್ಕೇ ಪ್ರಾಣ ಬಿಡುತ್ತೇವೆ. 2000ದ ದಶಕದಲ್ಲಿ ಕಾಲ್ ಸೆಂಟರ್ ಸೇರಿದ ನಮ್ಮ ಹುಡುಗ ಹುಡುಗಿಯರು ರಾತ್ರಿಪಾಳಿಯಲ್ಲಿ ಕಲಿತ ಬೇರೆ ದೇಶದ ದನಿ ಬೆಳಿಗ್ಗೆ ಮನೆಗೆ ಬರುವಾಗಲೂ ಬಾಯಲ್ಲೇ ಅಂಟಿಕೊಂಡಿರುತ್ತಿತ್ತು. ನನಗೆ ಅದು ಬೇಕಾಗಿ ಕಾಣುವುದಿಲ್ಲ. ಕನ್ನಡದ ಬಣ್ಣ ಇಂಗ್ಲಿಷಿನಲ್ಲಿ ಉಳಿದರೆ ಯಾರ ಗಂಟೂ ಹೋಗುವುದಿಲ್ಲ. ಮುಂಬೈಯಿಂದ ಚೆನ್ನೈವರೆಗೆ ಎಲ್ಲರ ಇಂಗ್ಲಿಷಿಗೂ ಒಂದೊಂದು ಬಣ್ಣವಿದೆ, ಮತ್ತು ನಮ್ಮ ನಮ್ಮಲ್ಲಿ ಮಾತಾಡುವಾಗ ಒತ್ತು ಸಮನಾಗಿ ಬಿದ್ದರೂ ಯಾರೂ ಎಡವುವುದಿಲ್ಲ. ಎಣಿಕೆ ಮತ್ತು ಒತ್ತು ಇವೆರಡನ್ನು ಸರಿ ಮಾಡಿಕೊಂಡರೆ ದೂರದವರಿಗೂ ಮಾತು ಮುಟ್ಟುತ್ತದೆ, ಅವರು ಹೇಳಿದ್ದು ನಮಗೂ ಬೇಗ ಹಿಡಿಯುತ್ತದೆ. ಕೇಳಿಸಿಕೊಳ್ಳುವುದಕ್ಕೂ ಇದು ಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಒತ್ತು ಸರಿಯುತ್ತದೆಂದು ಗೊತ್ತಿಲ್ಲದ ಕಿವಿ ಅದೇ ಪದವನ್ನು ಎರಡು ಬೇರೆ ಪದವೆಂದು ತಿಳಿದು ತಡಕಾಡುತ್ತದೆ.

ಅಭ್ಯಾಸಕ್ಕೆ ಪುಸ್ತಕ ಬೇಕಿಲ್ಲ. ಭಾನುವಾರದ ಇಂಗ್ಲಿಷ್ ಪತ್ರಿಕೆಯಲ್ಲಿ ಫ್ಲ್ಯಾಟ್‌ಗಳ ಜಾಹೀರಾತು ತೆಗೆಯಿರಿ. ಜೋಡು ವಿಶೇಷಣಗಳ ಗಣಿ ಅದು. ಪ್ರತಿಯೊಂದನ್ನೂ ಎರಡು ಸಲ ಹೇಳಿ, ಒಮ್ಮೆ ನಾಮಪದದ ಮುಂದೆ ಇಟ್ಟು, ಒಮ್ಮೆ ವಾಕ್ಯದ ಕೊನೆಯಲ್ಲಿ. ‘ಎ ˈಬ್ರ್ಯಾಂಡ್-ನ್ಯೂ ˈಫ್ಲ್ಯಾಟ್’. ‘ದ ಫ್ಲ್ಯಾಟ್ ಈಸ್ ಬ್ರ್ಯಾಂಡ್-ˈನ್ಯೂ’. ಹೇಳುವಾಗ ಒತ್ತು ಬೀಳುವ ಕಡೆ ಬೆರಳಿನಿಂದ ಮೇಜು ತಟ್ಟಿ, ದೇವರನಾಮಕ್ಕೆ ತಾಳ ಹಾಕಿದ ಹಾಗೆ. ‘ಸೆಮಿ-ˈಫರ್ನಿಶ್ಡ್’ ಬಂದರೆ ಮೊದಲು ದವಡೆಯ ಮೇಲೆ ಎಣಿಸಿ: ಸೆ, ಮಿ, ಫರ್, ನಿಶ್ಡ್, ನಾಲ್ಕೇ. ಕೊನೆಯ ‘ಡ್’ ದನಿಯಲ್ಲಿ ‘ಟ್’ ಆಗಿಯೇ ಬರುತ್ತದೆ, ಅದರ ಹಿಂದೆ ಉಕಾರ ಬೇಡ. ‘ˈಸೀ-ಫೇಸಿಂಗ್’ ಬಂದರೆ ಒತ್ತು ಮೊದಲಿಗೇ, ಎಲ್ಲಿಟ್ಟರೂ ಅಲ್ಲೇ. ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಅವರು ಒಂದು ಇಂಗ್ಲಿಷ್ ಜೋಡಿ ಸರಿಪಡಿಸಿದರೆ ನೀವು ಒಂದು ಕನ್ನಡ ಜೋಡಿ ಕೊಡಿ: ಕೆಳ, ತುಟಿ, ಕೂಡಿದರೆ ಏನು? ಬೆನ್, ಪತ್ತು, ಕೂಡಿದರೆ ಏನು? ದ ಮತ್ತು ಬ ಎಲ್ಲಿಂದ ಬಂದವು ಎಂದು ಅವರೇ ಕೇಳುತ್ತಾರೆ.

ಜಾಹೀರಾತಿನ ಫ್ಲ್ಯಾಟ್ ನೋಡಲು ಹೋಗಿ, ಒತ್ತು ಸರಿಯಾಗಿ ಹಾಕಿ ಮಾತಾಡಿದರೆ ಮಾಲೀಕರು ಬಾಡಿಗೆ ಕಡಿಮೆ ಮಾಡುತ್ತಾರೆ ಎಂದು ಮಾತ್ರ ನಾನು ಮಾತು ಕೊಡಲಾರೆ.